ಹಿಂದಿನ ಕಾರಿನ ಬ್ರೇಕು

ಅಲಯನ್ಸ್, ನೆಬ್ರಾಸ್ಕಾ
1998 ಅಕ್ಟೋಬರ್ 11

ಡಾರ್ಲಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನ ಹೇಳು, ನಿಮ್ಮಪ್ಪ ಇನ್ನೂ ಬದುಕಿದಾನೆ ಅನ್ನೋದು ನಿನಗೆ ನೆನಪಿದೆಯಾ ಇಲ್ವಾ?

ನಿನ್ನೆ ನಿಮ್ಮ ವ್ಲಾಸ್ತಾ ಅತ್ತೆ ಗಸಗಸೆ ಬನ್ನು ಮಾಡ್ಕೊಂಡು ಬಂದಿದ್ದಳು. ತಿಂತಾ ತಿಂತಾ ಕೇಳ್ತಾಳೆ, "ಡಾರ್ಲಾ ಮೋಟಾರ್‌ಹೋಮ್ ತಗೊಂಡ್ಲಂತಲ್ಲ, ಆ ಬಸ್ಸಿನಂಥ ಗಾಡಿಯಲ್ಲೇ ವಾಸ ಅಂತೆ, ಹಿಂದೆ ಕಾರು ಕಟ್ಕೊಂಡು ಊರೂರು ಆಸ್ಪತ್ರೇಲಿ ಕೆಲಸ ಮಾಡ್ತಾಳಂತೆ, ನಿಂಗೊತ್ತಿಲ್ವಾ?" ನನಗೆ ಎಲ್ಲಿಂದ ಗೊತ್ತಿರ್ಬೇಕು. "ಗೊತ್ತು ಗೊತ್ತು, ಬರೆದಿದ್ದಳು" ಅಂದೆ. ಸುಳ್ಳು. ಅಷ್ಟಕ್ಕೇ ಬಿಟ್ಟಿದ್ರೆ ತಡ್ಕೊಂಡಿರ್ತಿದ್ದೆ. ಎಳ್ಕೊಂಡು ಹೋಗೋ ಕಾರಿಗೆ ಎಂಥ ಬ್ರೇಕು ಹಾಕಿಸ್ಬೇಕು ಅಂತ ವೆಂಡೆಲ್ ನೋಡ್ತಾ ಇದಾನೆ ಅಂದಳು. ತಿಂತಿದ್ದ ಬನ್ನು ತಟ್ಟೇಲೇ ಇಟ್ಟುಬಿಟ್ಟೆ.

ವೆಂಡೆಲ್! ಪಿಯಾನೊ ಮಾರ್ತಿದ್ದ ವೆಂಡೆಲ್. ನಿಮ್ಮಮ್ಮ ನನ್ನ ಬಿಟ್ಟು ಕಟ್ಕೊಂಡ ಗಂಡ. ನಿಮ್ಮಮ್ಮ ತೀರ್ಕೊಂಡ ಮೇಲಾದ್ರೂ ಅವನಿಗೂ ನಿನಗೂ ಏನು ಬಳಕೆ ಅಂತ ನಾನು ಕೇಳಲ್ಲ. ಅದು ನಿನ್ನಿಷ್ಟ. ಆದ್ರೆ ಬ್ರೇಕಿನ ವಿಷಯಕ್ಕೆ ಅವನ ಹತ್ರ ಹೋದೆಯಲ್ಲ, ಅದು ಹೇಗೆ? ಇಡೀ ಆಯುಷ್ಯ ನಿಮ್ಮಪ್ಪ ಈ ಊರಿನ ರೈಲ್ವೆ ಯಾರ್ಡಲ್ಲಿ ಏನು ಮಾಡಿದ ಹೇಳು ನೋಡೋಣ. ಮಂಜು ಬೀಳ್ಲಿ ಗಾಳಿ ಬೀಸ್ಲಿ, ಗೂಡ್ಸ್ ಗಾಡಿಯ ಈ ತುದಿಯಿಂದ ಆ ತುದಿವರೆಗೆ ನಡ್ಕೊಂಡು ಹೋಗಿ ಒಂದೊಂದು ಬೋಗಿಯ ಬ್ರೇಕು ನೋಡೋದೇ ನನ್ನ ಕೆಲಸ ಆಗಿತ್ತು. ಊಟದ ಡಬ್ಬಿ ಕೊಡೋಕೆ ಬಂದಾಗ ನೀನೂ ನನ್ನ ಹಿಂದೆ ನಡೀತಿದ್ದೆ.

ಎಳೆಯೋ ಗಾಡಿ ನಿಂತ್ರೆ ಹಿಂದಿನ ಗಾಡಿ ತಾನಾಗಿ ನಿಲ್ಲಲ್ಲ, ಡಾರ್ಲಾ. ಮುಂದಿನದನ್ನ ತಳ್ಳುತ್ತೆ. ಇಳಿಜಾರಲ್ಲಿ ಇನ್ನೂ ತಳ್ಳುತ್ತೆ. ಇದೇನು ಆಟದ ಸಾಮಾನಲ್ಲ. ನಾನು ಬರೆಯೋವರೆಗೂ ಏನೂ ತಗೋಬೇಡ.

ಫೋನ್ ಮಾಡ್ಬೇಡ. ಯಾರ್ಡಿನ ಸದ್ದಿಗೆ ಕಿವಿ ಹೋಗಿ, ಫೋನಲ್ಲಿ ಬರೀ ಗುಂಯ್ ಅನ್ನುತ್ತೆ. ಕಾಗದ ಬರಿ.

ನಿನ್ನ ಸ್ವಂತ ಅಪ್ಪ,
ಎಲ್ಡನ್ ಹ್ರೂಬಿ


ಯೂಮಾ, ಅರಿಜೋನಾ
1998 ಅಕ್ಟೋಬರ್ 24

ಅಪ್ಪಾ,

ಸ್ವಂತ ಅಪ್ಪ ಅಂತ ಅಡಿಗೆರೆ ಬೇರೆ ಎಳೆದಿದೀಯ. ನಗು ಬಂತು. ಆಮೇಲೆ ಸ್ವಲ್ಪ ಬೇಜಾರೂ ಆಯ್ತು.

ಮೋಟಾರ್‌ಹೋಮ್ ತಗೊಂಡಿದ್ದು ಬೇಸಿಗೇಲಿ. ನಿನಗೆ ಬರೀಬೇಕು ಅಂತಿದ್ದೆ. ಬರೆದ್ರೆ ನೀನು ಬೈತೀಯ ಅಂತ ಮುಂದೆ ಹಾಕ್ತಾ ಬಂದೆ, ಅಷ್ಟೇ. ಮೂರು ತಿಂಗಳು ಈ ಆಸ್ಪತ್ರೆ, ಮೂರು ತಿಂಗಳು ಇನ್ನೊಂದು ಆಸ್ಪತ್ರೆ. ಪ್ರತಿ ಸಲ ಬಾಡಿಗೆ ರೂಮು ಹುಡುಕಿ, ಯಾರದೋ ಹಾಸಿಗೆ ಮೇಲೆ ಮಲಗಿ ಸಾಕಾಗಿತ್ತು. ಈಗ ಮನೇನ ಜೊತೇಲೇ ತಗೊಂಡು ಹೋಗ್ತೀನಿ. ಊರು ತಲುಪಿದ ಮೇಲೆ ಕಾರು ಬಿಚ್ಕೊಂಡು ಡ್ಯೂಟಿಗೆ ಹೋಗ್ತೀನಿ.

ವೆಂಡೆಲ್ ಹತ್ರ ನಾನಾಗಿ ಹೋಗಿಲ್ಲ. ಅವರು ಚಳಿಗಾಲ ಇಲ್ಲೇ ಇರ್ತಾರೆ. ಅಮ್ಮನ ಜೊತೆ ಎಷ್ಟೋ ವರ್ಷ ಹೀಗೇ ಕಾರು ಎಳ್ಕೊಂಡು ತಿರುಗಿದವರು. ನನ್ನ ಕಾರಿಗೆ ಬ್ರೇಕಿಲ್ಲ ಅಂತ ನೋಡಿ ಅವರೇ ಗಾಬರಿಯಾದ್ರು.

ಅವರು ಹೇಳೋ ಪ್ರಕಾರ ಮೂರು ದಾರಿ ಇದೆಯಂತೆ. ಒಂದು, ಎಳೆಯೋ ಸರಳೇ ಬ್ರೇಕಿನ ಕೆಲಸ ಮಾಡೋದು. ಹಿಂದಿನ ಕಾರು ತಳ್ಳಿದಾಗ ಸರಳು ಕುಗ್ಗಿ ಬ್ರೇಕು ಹಿಡಿಯುತ್ತೆ. ಇನ್ನೊಂದು, ಕಾರಿನ ಬ್ರೇಕಿನ ಕೊಳವೆಗೇ ಕಾಯಂ ಜೋಡಿಸಿಬಿಡೋದು. ಮೂರನೇದು ಒಂದು ಡಬ್ಬಿ. ಅದನ್ನ ಹಿಂದಿನ ಕಾರಿನ ಡ್ರೈವರ್ ಸೀಟಿನ ಮುಂದೆ, ಬೆನ್ನು ಸೀಟಿಗೆ ಒರಗೋ ಹಾಗೆ ನೆಲದ ಮೇಲೆ ಇಟ್ರೆ, ಅದರ ತೋಳು ಪೆಡಲ್ ಹಿಡ್ಕೊಂಡಿರುತ್ತೆ. ನಾನು ಮುಂದೆ ಬ್ರೇಕು ಒತ್ತಿದಾಗ ಅದೂ ಅಲ್ಲಿ ಒತ್ತುತ್ತೆ. ನನ್ನ ಕಾರು ಹಳೇದು, ಯಾವಾಗ ಬದಲಾಯಿಸ್ತೀನೋ ಗೊತ್ತಿಲ್ಲ. ಕಾರು ಬದಲಾದ್ರೂ ಡಬ್ಬಿ ಉಳಿಯುತ್ತೆ, ಅದಕ್ಕೆ ಡಬ್ಬಿನೇ ವಾಸಿ ಅಂತ ಅವರ ಲೆಕ್ಕ. ನನಗೂ ಸರಿ ಅನ್ನಿಸ್ತು.

ಮಾರ್ಚ್ ಕೊನೇಲಿ ರ‍್ಯಾಪಿಡ್ ಸಿಟಿಗೆ ಹೋಗ್ಬೇಕು. ನಿನ್ನೂರಿನ ಮೇಲೇ ಬರ್ತೀನಿ. ನಿನ್ನ ಅಂಗಳದಲ್ಲೇ ಗಾಡಿ ನಿಲ್ಲಿಸಿ ಎರಡು ದಿನ ಇರೋಣ ಅಂತಿದೀನಿ. ಜಾಗ ಇದೆಯಾ?

ಡಾರ್ಲಾ


ಅಲಯನ್ಸ್
1998 ನವೆಂಬರ್ 2

ಡಾರ್ಲಾ,

ಜಾಗ ಇದೆಯಾ ಅಂತೆ. ನಿನಗೆ ಜಾಗ ಇಲ್ದೆ ಇನ್ಯಾರಿಗಿರುತ್ತೆ? ಹಳೇ ಟ್ರ್ಯಾಕ್ಟರ್ ಈಗಲೇ ಪಕ್ಕಕ್ಕೆ ತಳ್ಳಿಸ್ತೀನಿ.

ಈಗ ಆ ಡಬ್ಬಿ ವಿಷಯ. ಪೆಡಲ್ ಒತ್ತೋಕೆ ನೆಲದ ಮೇಲೆ ಒಂದು ಡಬ್ಬಿ! ನಾಳೆ ಸ್ಟೀರಿಂಗ್ ತಿರುಗಿಸೋಕೆ ಒಂದು ಗೊಂಬೆ ಕೂರಿಸ್ತಾನೆ ನೋಡು. ಬ್ರೇಕು ಅಂದ್ರೆ ಗಾಳಿ. ರೈಲಿನ ಉದ್ದಕ್ಕೂ ಒಂದೇ ಗಾಳಿ ಕೊಳವೆ. ಕೊಂಡಿ ಕಳಚಿತೋ, ಗಾಳಿ ಹೋಯ್ತು, ಹಿಂದಿನ ಬೋಗಿಗಳು ಯಾರ ಅಪ್ಪಣೆಗೂ ಕಾಯದೆ ತಾವೇ ಬ್ರೇಕು ಹಿಡ್ಕೊಂಡು ನಿಲ್ತವೆ. ಅದು ಬ್ರೇಕು. ನೂರು ಬೋಗಿ ಕಲ್ಲಿದ್ದಲು ಗಾಳಿ ಮೇಲೆ ನಿಲ್ಲುತ್ತೆ. ಪಿಯಾನೊದವನಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು. ಅವನಿಗೆ ಪೆಡಲ್ ಅಂದ್ರೆ ಕಾಲಿಂದ ಒತ್ತಿ ಟೊಂಯ್ ಅನ್ನಿಸೋದು.

ಅವನು ದಿನಾ ಬರ್ತಾನಾ ನಿನ್ನ ಹತ್ರ? ಊಟ ಅಲ್ಲೇನಾ? ಕಾರು ಕಟ್ಟೋದು ಬಿಚ್ಚೋದು ಹೇಳಿಕೊಟ್ಟವನು ಅವನೇನಾ? ನೀನು ಕಟ್ಟುವಾಗ ಪಕ್ಕದಲ್ಲಿ ನಿಂತ್ಕೊಂಡು ವಟವಟ ಅಂತಾನಾ? ಹಾಗೇನಾದ್ರೂ ಅಂದ್ರೆ ದೂರ ಕಳಿಸು. ಕೊಂಡಿ ಹಾಕೋವಾಗ ಮಾತಾಡಿದವನಿಗೆ ನಮ್ಮ ಯಾರ್ಡಲ್ಲಿ ಚಹಾ ಕೂಡ ಸಿಗ್ತಿರ್ಲಿಲ್ಲ.

ಕೇಳ್ಬಾರದಿತ್ತು, ಕೇಳಿಬಿಟ್ಟೆ. ಹೊಟ್ಟೆಕಿಚ್ಚು ಅಂತ ನೀನು ಅಂತೀಯ. ಅನ್ನು. ಇರೋದನ್ನ ಇಲ್ಲ ಅನ್ನೋಕೆ ಬರಲ್ಲ ನನಗೆ. ಹೆಂಗಸರಿಗೆ ಮಾತ್ರ ಸವತಿ ಕಾಟ ಅಂತಾರೆ, ಸುಳ್ಳು.

ನೀನು ಏನೂ ತಗೋಬೇಡ. ನಾನೇ ಒಂದು ಗಾಳಿ ಬ್ರೇಕು ತರಿಸಿ ನಿನ್ನ ವಿಳಾಸಕ್ಕೆ ಕಳಿಸ್ತಾ ಇದೀನಿ. ಒಳ್ಳೇ ಮಾಲು. ಬಂದ ಮೇಲೆ ವೆಂಡೆಲ್‌ಗೂ ತೋರಿಸು, ಚೆನ್ನಾಗಿ ಕಣ್ತುಂಬಾ ನೋಡ್ಲಿ.

ಅಪ್ಪ


ಯೂಮಾ
1998 ನವೆಂಬರ್ 29

ಅಪ್ಪಾ,

ಪೆಟ್ಟಿಗೆ ಬಂತು. ಎಷ್ಟು ಭಾರ ಅಂದ್ರೆ ಪೋಸ್ಟಾಫೀಸಿನವರು ಇಬ್ಬರು ಹಿಡಿದು ಕಾರಲ್ಲಿ ಇಟ್ರು.

ಹೇಗೆ ಹೇಳಲಿ ಅಂತ ಗೊತ್ತಾಗ್ತಿಲ್ಲ, ಸುಮ್ಮನೆ ಹೇಳಿಬಿಡ್ತೀನಿ. ಆ ಬ್ರೇಕು ಗಾಳಿ ತಗೊಳ್ಳೋದು ಮೋಟಾರ್‌ಹೋಮಿನ ಗಾಳಿ ಬ್ರೇಕಿಂದ. ದೊಡ್ಡ ಡೀಸೆಲ್ ಗಾಡಿಗಳಲ್ಲಿ ಅದು ಇರುತ್ತೆ. ನನ್ನದು ಸಣ್ಣದು, ಪೆಟ್ರೋಲಿನದು. ಅದಕ್ಕೆ ಕಾರಿನ ಥರ ಎಣ್ಣೆ ಬ್ರೇಕು. ಗಾಳಿನೇ ಇಲ್ಲ. ನೀನು ಕಳಿಸಿದ್ದನ್ನ ಎಲ್ಲಿಗೂ ಜೋಡಿಸೋಕಾಗಲ್ಲ.

ವಾಪಸ್ ಕಳಿಸಿದೀನಿ, ನಿನ್ನ ದುಡ್ಡು ಬರುತ್ತೆ. ಅದಲ್ಲ ವಿಷಯ. ನೀನು ಎರಡು ಉದ್ದುದ್ದ ಕಾಗದ ಬರೆದೆ. ವೆಂಡೆಲ್ ಏನಂತಾನೆ, ವೆಂಡೆಲ್ ಎಲ್ಲಿ ಕೂರ್ತಾನೆ, ಎಲ್ಲ ಕೇಳಿದೆ. ನಿನ್ನ ಗಾಡಿ ಎಂಥದು ಮಗಳೇ ಅಂತ ಒಂದು ಸಲ ಕೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.

ವೆಂಡೆಲ್ ನಗಲಿಲ್ಲ, ನಿನಗೆ ಸಮಾಧಾನ ಆಗ್ಲಿ ಅಂತ ಹೇಳ್ತೀನಿ. "ನಿಮ್ಮಪ್ಪ ಬಹಳ ಒಳ್ಳೇದನ್ನೇ ಆರಿಸಿದಾರೆ" ಅಂದ್ರು.

ಡಾರ್ಲಾ


ಅಲಯನ್ಸ್
1998 ಡಿಸೆಂಬರ್ 6

ಶ್ರೀಮಾನ್ ವೆಂಡೆಲ್ ಲೀಚ್ ಅವರಿಗೆ,

ನಾನು ಯಾರು ಅಂತ ನಿಮಗೆ ಗೊತ್ತು. ಇಷ್ಟು ವರ್ಷ ನಿಮಗೆ ಒಂದಕ್ಷರ ಬರೆದವನಲ್ಲ. ಬರೆಯೋ ಆಸೆ ಈಗಲೂ ಇಲ್ಲ.

ನಾನು ಬಹಳ ಒಳ್ಳೇದನ್ನೇ ಆರಿಸಿದೀನಿ ಅಂದಿರಂತೆ. ನಿಮ್ಮ ಸರ್ಟಿಫಿಕೇಟ್ ಯಾರು ಕೇಳಿದ್ರು? ನಕ್ಕಿದ್ರೆ ನನಗೆ ಇಷ್ಟು ಉರೀತಿರ್ಲಿಲ್ಲ. ನಗದೆ ದೊಡ್ಡ ಮನುಷ್ಯ ಆಗಿಬಿಟ್ಟಿರಿ, ಅವಳ ಎದುರಿಗೆ.

ನನ್ನ ಹೆಂಡತೀನ ಕರ್ಕೊಂಡು ಹೋದಿರಿ. ಹೋಗ್ಲಿ, ಅವಳೇ ಬಂದಳು ಅಂತೀರಿ, ಇರಬಹುದು. ಮಗಳು ಶಾಲೆಗೆ ಹೋಗೋವಾಗ, ಕಾಲೇಜಿಗೆ ಸೇರೋವಾಗ, ಅವಳ ಮದುವೆ ಮುರಿದಾಗ, ಎಲ್ಲದಕ್ಕೂ ನೀವೇ ಹತ್ರ ಇದ್ದಿರಿ. ನನಗೆ ರಜಾ ದಿನಗಳಲ್ಲಿ ಒಂದು ಕಾರ್ಡ್ ಬರ್ತಿತ್ತು. ಸಹಿಸ್ಕೊಂಡೆ. ಆದ್ರೆ ಬ್ರೇಕು ನನ್ನದು. ಈ ಭೂಮಿ ಮೇಲೆ ನನಗೆ ಚೆನ್ನಾಗಿ ಗೊತ್ತಿರೋದು ಅದೊಂದೇ. ಅದಕ್ಕೂ ಕೈ ಹಾಕಿದಿರಲ್ಲ, ನಿಮಗೆ ಎಷ್ಟಿದ್ರೆ ಸಾಕು ಸ್ವಾಮಿ?

ನನ್ನ ಮಗಳ ಗಾಡಿಯಿಂದ ದೂರ ಇರಿ.

ಎಲ್ಡನ್ ಹ್ರೂಬಿ


ಯೂಮಾ
1998 ಡಿಸೆಂಬರ್ 15

ಮಾನ್ಯ ಹ್ರೂಬಿ ಅವರಿಗೆ,

ನಿಮ್ಮ ಪತ್ರ ತಲುಪಿತು. ಡಾರ್ಲಾಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ.

ನೀವು ನೇರವಾಗಿ ಬರೆದಿದ್ದೀರಿ. ನಾನೂ ಹಾಗೇ ಬರೆಯುತ್ತೇನೆ. ನನಗೂ ನಿಮ್ಮ ಮೇಲೆ ಹೊಟ್ಟೆಕಿಚ್ಚಿದೆ, ಅದು ನಿನ್ನೆ ಮೊನ್ನೆಯದಲ್ಲ.

ಮೊದಲ ಸಲ ಅವಳಿಗೆ ಕಾರು ಕಟ್ಟುವುದನ್ನು ತೋರಿಸಲು ಹೋದೆ. ನಾನು ವಿವರಿಸಲು ಬಾಯಿ ತೆರೆದ ತಕ್ಷಣ ಕೈ ಅಡ್ಡ ಹಿಡಿದು, "ವೆಂಡೆಲ್, ಕೊಂಡಿ ಹಾಕೋವಾಗ ಮಾತು ಬೇಡ, ನಮ್ಮಪ್ಪನ ರೂಲು" ಅಂದಳು. ಆಮೇಲೆ ಗಾಡಿಯ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದು ಪಿನ್ನನ್ನೂ ಕೈಯಿಂದ ಮುಟ್ಟಿ ನೋಡಿದಳು. ನಾನು ಅಷ್ಟು ದೂರದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಈಗಲೂ ಪ್ರತಿ ಸಲ ಅಲ್ಲೇ ನಿಲ್ಲುತ್ತೇನೆ. ಅವಳನ್ನು ಶಾಲೆಗೆ ಬಿಟ್ಟವನು, ಅವಳ ಫೀಸು ಕಟ್ಟಿದವನು, ಅವಳು ಅಳುವಾಗ ಕಾಫಿ ಮಾಡಿಕೊಟ್ಟವನು ನಾನು. ಅವಳ ಬಾಯಲ್ಲಿ ನಾನು ಈವರೆಗೂ ವೆಂಡೆಲ್. ಅಪ್ಪ ಅಂದರೆ ನೀವು.

ಡಬ್ಬಿಯನ್ನು ನಾನು ಹೇಳಿದ್ದು ನಾನು ಬಳಸಿ ಬಲ್ಲದ್ದು ಅದೊಂದೇ ಆದ್ದರಿಂದ. ಅದಕ್ಕಿಂತ ಒಳ್ಳೆಯದು ನಿಮಗೆ ಗೊತ್ತಿದ್ದು, ಅವಳ ಗಾಡಿಗೆ ಹೊಂದುವುದಾದರೆ, ಬರೆಯಿರಿ. ನಾನು ನಾಳೆಯೇ ಸುಮ್ಮನಾಗುತ್ತೇನೆ.

ನಿಮ್ಮ,
ವೆಂಡೆಲ್ ಲೀಚ್


ಯೂಮಾ
1999 ಜನವರಿ 9

ಅಪ್ಪಾ,

ಹೊಸ ವರ್ಷದ ಶುಭಾಶಯ. ವ್ಲಾಸ್ತಾ ಅತ್ತೆ ಕಳಿಸಿದ ಬನ್ನು ಒಡೆಯದೆ ಬಂದು ತಲುಪ್ತು, ಹೇಳು.

ಡಬ್ಬಿ ತಗೊಂಡೆ. ಊರಿನ ಸುತ್ತ ಎರಡು ಸಲ ಎಳೆದು ನೋಡಿದೆ, ಚೆನ್ನಾಗಿ ಹಿಡೀತಿದೆ. ಮುಂದೆ ಸ್ಟೀರಿಂಗ್ ಹತ್ರ ಒಂದು ಸಣ್ಣ ದೀಪ ಇದೆ. ಹಿಂದೆ ಡಬ್ಬಿ ಜೋರಾಗಿ ಪೆಡಲ್ ಒತ್ತಿದಾಗ ಇಲ್ಲಿ ಹತ್ತುತ್ತೆ. ಅದನ್ನ ನೋಡ್ತಿದ್ರೆ ಧೈರ್ಯ ಬರುತ್ತೆ ನನಗೆ.

ಮಾರ್ಚ್ 27ಕ್ಕೆ ಬರ್ತೀನಿ. ನಿನ್ನ ನೋಡಬೇಕು ಅಂತ ತುಂಬಾ ಅನ್ನಿಸ್ತಿದೆ, ಅಪ್ಪಾ. ಅಮ್ಮ ಹೋದ ಮೇಲೆ ಆ ಆಸೆ ಜಾಸ್ತಿಯಾಗಿದೆ. ಆದ್ರೆ ಒಂದು ಷರತ್ತು. ಬ್ರೇಕಿನ ಮಾತು ಎತ್ತಬಾರದು. ವೆಂಡೆಲ್ ಮಾತೂ ಎತ್ತಬಾರದು. ಎತ್ತಿದ್ರೆ ಅವತ್ತೇ ಗಾಡಿ ತೆಗೀತೀನಿ. ಇದು ತಮಾಷೆಯಲ್ಲ. ನಿಮ್ಮಿಬ್ಬರ ಮಧ್ಯೆ ಎಳೆದಾಡಿಸಿಕೊಳ್ಳೋಕೆ ನನಗಿನ್ನು ಶಕ್ತಿಯಿಲ್ಲ.

ಒಪ್ಪಿಗೆಯಾ?

ಡಾರ್ಲಾ


ಅಲಯನ್ಸ್
1999 ಜನವರಿ 18

ಡಾರ್ಲಾ,

ಒಪ್ಪಿಗೆ. ಬಾಯಿಗೆ ಬೀಗ. ಹಂದಿ ಮಾಂಸ, ಹುಳಿ ಕೋಸು, ಹಿಟ್ಟಿನ ಕಡುಬು ಎಲ್ಲ ವ್ಲಾಸ್ತಾ ಮಾಡ್ತಾಳಂತೆ. ಟ್ರ್ಯಾಕ್ಟರ್ ಪಕ್ಕಕ್ಕೆ ಹೋಯ್ತು. ಅಂಗಳ ಗಟ್ಟಿಯಾಗಲಿ ಅಂತ ಜಲ್ಲಿ ಹಾಕಿಸಿದೀನಿ, ನಿನ್ನ ಗಾಡಿ ಕೆಸರಲ್ಲಿ ಹೂತುಕೊಳ್ಳಬಾರದು.

ಬೇಗ ಬಾ.

ಅಪ್ಪ


ರ‍್ಯಾಪಿಡ್ ಸಿಟಿ, ದಕ್ಷಿಣ ಡಕೋಟ
1999 ಮಾರ್ಚ್ 29

ಅಪ್ಪಾ,

ಈ ಕಾರ್ಡು ಜಗಳ ಮುಂದುವರಿಸೋಕಲ್ಲ, ತಲುಪಿದೆ ಅಂತ ಹೇಳೋಕೆ. ತಲುಪಿದೆ. ಕಾರಿಗೂ ಏನೂ ಆಗಿಲ್ಲ.

ಗಾಡಿ ನಿಲ್ಲಿಸಿ ಇನ್ನೂ ಇಳಿದಿರಲಿಲ್ಲ ನಾನು. ಹೇಗಿದೀಯ ಅಂತ ಕೇಳೋ ಮೊದಲೇ ಹಿಂದಿನ ಕಾರಿನ ಹತ್ರ ಹೋಗಿ ಬಗ್ಗಿದೆ. ಎರಡು ತಿಂಗಳ ಹಿಂದೆ ಕೊಟ್ಟ ಮಾತು ಎರಡು ನಿಮಿಷ ಉಳೀಲಿಲ್ಲ. "ಆ ಪಿಯಾನೊದವನ ಡಬ್ಬಿ ತೆಗೆದು ಬಿಸಾಕು" ಅಂದಾಗ ನಿನ್ನ ಮುಖ ನೋಡ್ಬೇಕಿತ್ತು. ನಗ್ತಿದ್ದೆ ನೀನು.

ಇನ್ನು ಮುಂದೆ ನಿನ್ನ ಕಾಗದದಲ್ಲಿ ಡಬ್ಬಿ ಅನ್ನೋದು ಕಂಡ್ರೆ ಅಲ್ಲಿಗೇ ಮಡಚಿ ಇಡ್ತೀನಿ. ಮುಂದೆ ಓದಲ್ಲ.

ಅತ್ತೆಗೆ ಕ್ಷಮಿಸು ಅಂತ ಹೇಳು, ಅಷ್ಟೆಲ್ಲ ಅಡುಗೆ ಮಾಡಿದ್ದಳು.

ಡಾ.


ಅಲಯನ್ಸ್
1999 ಏಪ್ರಿಲ್ 4

ವೆಂಡೆಲ್ ಲೀಚ್ ಅವರಿಗೆ,

ದೂರ ಇರಿ ಅಂತ ನಿಮಗೆ ಬರೆದವನು ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು ಅಂತ ಬರೀತಿದೀನಿ. ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆ ಅಂತ ನನಗೇ ಗೊತ್ತು. ಕಾಗದ ಹರಿದು ಹಾಕ್ಬೇಡಿ, ಪೂರ್ತಿ ಓದಿ.

ಡಾರ್ಲಾ ಬಂದಿದ್ದಳು. ರಸ್ತೆ ತಿರುವಿನಲ್ಲಿ ಅವಳ ಗಾಡಿ ಕಂಡಾಗ ಅಂಗಳದಲ್ಲಿ ನಿಂತಿದ್ದೆ. ನಿಜವಾಗಿಯೂ ಬ್ರೇಕಿನ ಮಾತು ಎತ್ತಬಾರದು ಅಂತಲೇ ಇದ್ದೆ. ಗಾಡಿ ನನ್ನ ಮುಂದೆ ದಾಟಿ ಹೋಯ್ತು, ಹಿಂದಿನ ಕಾರೂ ದಾಟ್ತು, ವಾಸನೆ ಬಂತು. ನಿಮಗೆ ಆ ವಾಸನೆ ಗೊತ್ತಾಗ್ತಿತ್ತೋ ಇಲ್ವೋ. ನಮ್ಮ ಯಾರ್ಡಲ್ಲಿ ಬೋಗಿಯ ಬ್ರೇಕು ಬಿಡದೆ ಹಿಡ್ಕೊಂಡೇ ಬಂದಿದ್ರೆ ಅದೇ ವಾಸನೆ. ಹೋಗಿ ಮುಂದಿನ ಚಕ್ರದ ಹತ್ರ ಅಂಗೈ ಹಿಂಭಾಗ ಹಿಡಿದೆ. ಕೆಂಡ. ಆ ಕಡೆ ಚಕ್ರವೂ ಅಷ್ಟೇ. ಹಿಂದಿನ ಎರಡು ಚಕ್ರ ಬರೀ ಉಗುರುಬೆಚ್ಚಗೆ.

ಈಗ ನಿಮಗೆ ಒಂದು ಮಾತು ಹೇಳ್ತೀನಿ, ಇದನ್ನ ವ್ಲಾಸ್ತಾಗೂ ಹೇಳಿಲ್ಲ. ಆ ಬಿಸಿ ಕೈಗೆ ತಗುಲಿದಾಗ ನನಗೆ ಮೊದಲು ಬಂದಿದ್ದು ಖುಷಿ. ಸಿಕ್ಕಿಬಿದ್ದ ಅಂತ. ಪಿಯಾನೊದವನ ಬುದ್ಧಿವಂತಿಕೆ ಇಷ್ಟೇ ಅಂತ ಗೊತ್ತಾಯ್ತಲ್ಲ ಅಂತ. ಮಗಳು ಆ ಕಾರನ್ನ ಎಳ್ಕೊಂಡು ಬಂದಿದಾಳೆ ಅನ್ನೋದು ಆಮೇಲೆ ತಲೆಗೆ ಹೋಯ್ತು. ಅಷ್ಟರಲ್ಲಿ ಬಾಯಿ ಬಿಟ್ಟಾಗಿತ್ತು. ಚಕ್ರ ಬಿಸಿ ಇದೆ ಮಗಳೇ ಅನ್ನಲಿಲ್ಲ. ಡಬ್ಬಿ ಬಿಸಾಕು ಅಂದೆ. ನಿಮ್ಮ ಹೆಸರು ತೆಗೆದೆ. ಅವಳು ಗಾಡಿಯ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ಕೆಳಗೂ ಇಳಿದು ಬರಲಿಲ್ಲ. "ಷರತ್ತು ಏನಿತ್ತು ಅಪ್ಪಾ?" ಅಂದಳು. ನಾನು ಚಕ್ರ ಚಕ್ರ ಅಂತ ತೊದಲಿದೆ. "ಸಾಕು, ನಿಲ್ಸು" ಅಂದಳು. ಒಳಗೆ ಅಡುಗೆಯೆಲ್ಲ ಮೇಜಿನ ಮೇಲಿತ್ತು. ಅವಳು ಗಾಡಿ ತಿರುಗಿಸಿ ಹೊರಟೇಹೋದಳು.

ಅವಳು ಹೋದ ಮೇಲೆ ಕೂತು ಯೋಚನೆ ಮಾಡಿದೆ. ಡಬ್ಬಿ ಕೆಟ್ಟಿಲ್ಲ. ನೀವು ಆರಿಸಿದ್ದು ಸರಿಯಾಗೇ ಇದೆ, ಬರೆಯೋಕೆ ಕೈ ಬರ್ತಿಲ್ಲ, ಆದ್ರೂ ಬರೀತೀನಿ. ಅವಳು ಅವರಮ್ಮನ ಎತ್ತರ. ಕಾರು ಓಡಿಸೋವಾಗ ಸೀಟನ್ನ ಪೂರ್ತಿ ಮುಂದಕ್ಕೆ ಎಳ್ಕೊಂಡು ಸ್ಟೀರಿಂಗಿಗೆ ಎದೆ ತಾಗಿಸಿ ಕೂರ್ತಾಳೆ. ಡ್ಯೂಟಿ ಮುಗಿಸಿ ಬಂದು, ಸೀಟು ಹಾಗೇ ಬಿಟ್ಟು ಡಬ್ಬಿ ಇಟ್ಟಿದ್ದಳು, ಬಗ್ಗಿದಾಗ ಕಾರಿನ ಕಿಟಕಿಯಿಂದ ಕಂಡಿತ್ತು ನನಗೆ. ಆ ಡಬ್ಬಿಯ ಬೆನ್ನು ಸೀಟಿಗೆ ಒರಗುತ್ತಲ್ಲ. ಸೀಟು ಮುಂದೆ ಇದ್ರೆ ಡಬ್ಬಿನ ತಳ್ಳುತ್ತೆ, ಡಬ್ಬಿ ಪೆಡಲನ್ನ ತಳ್ಳುತ್ತೆ. ಸ್ವಲ್ಪವೇ, ಕೂದಲೆಳೆಯಷ್ಟು. ಆ ದೀಪವೂ ಹತ್ತೋದಿಲ್ಲ. ಆದ್ರೆ ದಾರಿಯುದ್ದಕ್ಕೂ ಬ್ರೇಕು ಉಜ್ಜುತ್ತೆ. ನೀವು ಉದ್ದ ಇದೀರಿ ಅಂತ ಕೇಳಿದೀನಿ. ನಿಮ್ಮ ಸೀಟು ಯಾವಾಗಲೂ ಹಿಂದೆ. ನಿಮಗೆ ಇದು ಯಾವತ್ತೂ ಆಗಿರೋಕೆ ಸಾಧ್ಯ ಇಲ್ಲ, ಅದಕ್ಕೇ ಅವಳಿಗೆ ಹೇಳಿಲ್ಲ. ನಿಮ್ಮ ತಪ್ಪು ಅಂತ ಹೇಳ್ತಿಲ್ಲ.

ಇಲ್ಲಿಯ ರಸ್ತೆ ಸಮ. ವಾಸನೆ ಬಂತು, ಅಷ್ಟಕ್ಕೇ ಮುಗೀತು. ಜೂನ್ ಕೊನೇಲಿ ಅವಳು ಸ್ಪೋಕೇನ್‌ಗೆ ಹೋಗ್ತಾಳಂತೆ, ವ್ಲಾಸ್ತಾಗೆ ಹೇಳಿದಾಳೆ. ಹೆದ್ದಾರಿ ಬಿಟ್ಟು ಬಿಗ್‌ಹಾರ್ನ್ ಬೆಟ್ಟ ಹತ್ತಿ ಇಳಿಯೋ ದಾರಿ ಹಿಡೀತಾಳಂತೆ. ಮೈಲಿಗಟ್ಟಲೆ ಇಳಿಜಾರು. ಆಗಲೇ ಕಾದು ಸೋತ ಬ್ರೇಕು ಅಲ್ಲಿ ಹಿಡಿಯಲ್ಲ. ಕಾರು ಅವಳ ಗಾಡಿಯನ್ನ ತಳ್ಳೋಕೆ ಶುರುಮಾಡುತ್ತೆ. ಚಕ್ರಕ್ಕೆ ಬೆಂಕಿ ಹತ್ತಿದ್ರೂ ಮುಂದೆ ಕೂತವಳಿಗೆ ಗೊತ್ತಾಗಲ್ಲ. ಇಂಥದ್ದನ್ನ ಕಣ್ಣಾರೆ ನೋಡಿದೀನಿ ನಾನು.

ನಾನು ಬರೆದ್ರೆ ಅವಳು ಓದಲ್ಲ. ಅದು ಅವಳ ತಪ್ಪಲ್ಲ. ನಾನು ಏನು ಹೇಳಿದ್ರೂ ಅವಳಿಗೆ ನನ್ನ ಹೊಟ್ಟೆಕಿಚ್ಚೇ ಕೇಳ್ಸುತ್ತೆ, ಅಷ್ಟರ ಮಟ್ಟಿಗೆ ಮಾಡ್ಕೊಂಡಿದೀನಿ.

ನೀವು ಹೇಳಿ. ಡಬ್ಬಿ ಇಡೋ ಮೊದಲು ಸೀಟನ್ನ ಹಿಂದಕ್ಕೆ ಸರಿಸು, ಡಬ್ಬಿ ಇಟ್ಟು ತೋಳು ಜೋಡಿಸಿದ ಮೇಲೆ ಪೆಡಲ್ ಪೂರ್ತಿ ಮೇಲೆ ಬಂದಿದೆಯಾ ಅಂತ ಕೈಯಿಂದ ನೋಡು ಅನ್ನಿ. ದಾರೀಲಿ ಎಲ್ಲಿ ನಿಲ್ಸಿದ್ರೂ ನಾಲ್ಕು ಚಕ್ರದ ಹತ್ರ ಅಂಗೈ ಹಿಂಭಾಗ ಹಿಡಿದು ನೋಡ್ಲಿ. ಮುಟ್ಟಬಾರದು, ಹತ್ರ ಹಿಡಿದ್ರೆ ಸಾಕು. ಮುಂದಿನದು ಹಿಂದಿನದಕ್ಕಿಂತ ತೀರಾ ಬಿಸಿ ಇದ್ರೆ ಅಲ್ಲೇ ನಿಲ್ಬೇಕು. ಇಳಿಯೋ ಮೊದಲು ಬೆಟ್ಟದ ಮೇಲೆ ಒಂದು ಸಲ ಖಂಡಿತ ನೋಡ್ಬೇಕು.

ನಿಮ್ಮ ಮಾತಾಗಿ ಹೇಳಿ. ನನ್ನ ಹೆಸರು ಬರಬಾರದು. ಬಂದ್ರೆ ಅವಳು ಚಕ್ರದ ಹತ್ರ ಕೈ ಹಿಡಿಯಲ್ಲ. ಒಳ್ಳೇತನ ತೋರಿಸೋಕೆ ಹೋಗಿ ಆಮೇಲೂ ಹೇಳ್ಬೇಡಿ.

ಅವಳು ನಿಮಗೆ ಉಪಕಾರ ಹೇಳ್ತಾಳೆ. ಅದನ್ನ ನನಗೆ ಬರೆದು ತಿಳಿಸ್ಬೇಡಿ, ಅಷ್ಟು ಮಾಡಿ.

ಎಲ್ಡನ್


ಯೂಮಾ
1999 ಏಪ್ರಿಲ್ 12

ಎಲ್ಡನ್ ಅವರಿಗೆ,

ನಿನ್ನೆ ಸಂಜೆ ಫೋನಿನಲ್ಲಿ ಹೇಳಿದೆ. ಬರೆದುಕೊಂಡಳು. ನಿಮ್ಮ ಹೆಸರು ಹೇಳಲಿಲ್ಲ.

ನನಗೆ ಇದು ಸುಲಭವಾಗಿರಲಿಲ್ಲ.

ವೆಂಡೆಲ್


ಸ್ಪೋಕೇನ್, ವಾಷಿಂಗ್ಟನ್
1999 ಜುಲೈ 6

ಅಪ್ಪಾ,

ಕೋಪ ಇಳಿದಿದೆ. ಮಾರ್ಚಲ್ಲಿ ಹಾಗೆ ಹೊರಟು ಬರಬಾರದಿತ್ತು. ನೀನು ಜಲ್ಲಿ ಹಾಕಿಸಿದ್ದೆ ಅಂತ ಅತ್ತೆ ಫೋನಲ್ಲಿ ಹೇಳಿದಳು. ಗಾಡಿ ತಿರುಗಿಸೋವಾಗ ಅದನ್ನೆಲ್ಲ ಕೆದರಿಬಿಟ್ಟೆನಂತೆ.

ಕೆಲಸ ಚೆನ್ನಾಗಿದೆ. ಗಾಡಿ ನಿಲ್ಲಿಸಿರೋ ಜಾಗ ನದಿಗೆ ಹತ್ರ. ಪಕ್ಕದ ಗಾಡಿಯಲ್ಲಿ ಒಬ್ಬಳು ಮುದುಕಿ ಇದಾಳೆ, ದಿನಾ ಸಂಜೆ ನನ್ನ ಇಸ್ಪೀಟಾಟದಲ್ಲಿ ಸೋಲಿಸ್ತಾಳೆ.

ನೀನು ಓದಲೇಬೇಕಾದ ಒಂದು ವಿಷಯ ಇದೆ. ಡಬ್ಬಿ ಬಗ್ಗೆ ನಾನೇ ಬರೀತಿದೀನಿ ನೋಡು. ಏಪ್ರಿಲಲ್ಲಿ ವೆಂಡೆಲ್ ಫೋನ್ ಮಾಡಿ, ಸೀಟು ಹಿಂದಕ್ಕೆ ಸರಿಸಿ ಡಬ್ಬಿ ಇಡಬೇಕು, ನಿಲ್ಸಿದಾಗಲೆಲ್ಲ ಚಕ್ರದ ಹತ್ರ ಅಂಗೈ ಹಿಂಭಾಗ ಹಿಡಿದು ನೋಡ್ಬೇಕು ಅಂತ ಹೇಳಿದ್ರು. ಹೊರಡೋ ದಿನ ಗಡಿಬಿಡಿ. ಸೀಟಿನದು ಮರೆತೇಬಿಟ್ಟೆ. ಬಿಗ್‌ಹಾರ್ನ್ ಮೇಲೆ ಇಳಿಜಾರು ಶುರುವಾಗೋ ಮೊದಲು ಎಲ್ಲರೂ ನಿಲ್ಲೋ ಜಾಗ ಒಂದಿದೆ. ಅಲ್ಲಿ ಇಳಿದು ಕೈ ಹಿಡಿದು ನೋಡಿದೆ. ಅಪ್ಪಾ, ಅರ್ಧ ಅಡಿ ದೂರದಿಂದಲೇ ಕೈ ಹಿಂದಕ್ಕೆ ಎಳ್ಕೋಬೇಕಾಯ್ತು. ಅಲ್ಲೇ ಕಲ್ಲಿನ ಮೇಲೆ ಕೂತ್ಕೊಂಡುಬಿಟ್ಟೆ. ಆರೋವರೆಗೂ ಕಾದೆ, ಸೀಟು ಹಿಂದೆ ಸರಿಸಿದೆ, ಡಬ್ಬಿ ಮತ್ತೆ ಇಟ್ಟೆ, ಪೆಡಲ್ ನೋಡಿದೆ. ಕೆಳಗೆ ಇಳಿದ ಮೇಲೆ ಮತ್ತೆ ನೋಡಿದೆ, ನಾಲ್ಕೂ ಒಂದೇ ಹದ ಇತ್ತು. ಮರುದಿನ ಅದೇ ರಸ್ತೇಲಿ ಒಬ್ಬರ ಕಾರು ಉರಿದು ಹೋಯ್ತು ಅಂತ ಇಲ್ಲಿ ಮಾತಾಡ್ಕೊಳ್ತಿದ್ರು.

ನೀನು ಡಬ್ಬಿ ಬಿಸಾಕು ಅಂದೆ. ಅವರು ಸೀಟು ಹಿಂದೆ ಸರಿಸು ಅಂದ್ರು. ನಿನ್ನ ಚುಚ್ಚೋಕೆ ಹೇಳ್ತಿಲ್ಲ. ನಾನು ಇವತ್ತು ಕೂತು ಕಾಗದ ಬರೀತಿರೋದು ಆ ಮನುಷ್ಯನಿಂದ. ಬ್ರೇಕಿನ ವಿಷಯ ವೆಂಡೆಲ್‌ಗೆ ಗೊತ್ತಿದೆ ಅಂತ ಈಗಲಾದ್ರೂ ಒಪ್ಕೋತೀಯಾ, ಅಪ್ಪಾ? ನನಗೋಸ್ಕರ ಒಂದು ಸಲ ಒಪ್ಕೋ. ಮುಂದಿನ ತಿಂಗಳು ರಜಾ ಇದೆ, ಆಗ ನಿನ್ನ ಹತ್ರ ಬಂದು ಇರ್ತೀನಿ.

ಪ್ರೀತಿಯಿಂದ,
ಡಾರ್ಲಾ


ಅಲಯನ್ಸ್
1999 ಜುಲೈ 12

ಡಾರ್ಲಾ,

ನಿನ್ನ ಕಾಗದ ಬಂತು. ಬಿಗ್‌ಹಾರ್ನ್ ಅನ್ನೋ ಕಡೆ ನಿಲ್ಸಿ, ಹೊರಗೆ ಹೋಗಿ ಒಂದು ಸುತ್ತು ಹಾಕ್ಕೊಂಡು ಬಂದು ಮಿಕ್ಕಿದ್ದು ಓದಿದೆ.

ಒಪ್ಕೋತೀನಿ. ವೆಂಡೆಲ್ ಅವರಿಗೆ ಗೊತ್ತಿದೆ. ಅವರು ಹೇಳಿದ ಹಾಗೇ ಮಾಡು, ಪ್ರತಿ ಸಲ.

ಅಪ್ಪ